ಕಾರ್ ಶೆಡ್ಡನ್ನು ಮಲಗುವ ಕೋಣೆಯಾಗಿ ಮಾಡಿಕೊಳ್ಳಬಹುದೇ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು 40×60 ಅಡಿಯ ನಿವೇಶನ. ಹಿಂಬದಿಯ ಮೂಲೆಯಲ್ಲಿ, ಮನೆಗೆ ತಾಗದಂತೆ ಕಟ್ಟಿಸಿದ 10×16 ಅಡಿಯ ಕಾರ್ ಶೆಡ್ ಇದೆ. ಈಗ ಕಾರು ಇಲ್ಲ. ತಂದೆಯವರಿಗೆ ಮಹಡಿ ಹತ್ತಲಾಗುತ್ತಿಲ್ಲ. ಶಟರ್ ತೆಗೆಸಿ ಗೋಡೆ ಕಟ್ಟಿಸಿ, ನೆಲಕ್ಕೆ ಟೈಲ್ಸ್ ಹಾಕಿಸಿದರೆ ಅವರಿಗೊಂದು ಮಲಗುವ ಕೋಣೆ ಆಗುವುದಿಲ್ಲವೇ?

ಉತ್ತರ: ಆಗಬಹುದು, ಆದರೆ ಶಟರ್ ಮತ್ತು ಟೈಲ್ಸ್ ಈ ಕೆಲಸದ ಕೊನೆಗೆ ಬರುವಂಥವು. ಮೇಸ್ತ್ರಿಯನ್ನು ಕರೆಸುವ ಮೊದಲೇ ತಾವು ಟೇಪು ಹಿಡಿದು ಎರಡು ಅಳತೆ ತೆಗೆಯಬೇಕು: ಹೊರಗಿನ ಮಣ್ಣಿನ ಮಟ್ಟಕ್ಕಿಂತ ಶೆಡ್ಡಿನ ನೆಲ ಎಷ್ಟು ಮೇಲಿದೆ, ಮತ್ತು ಆ ನೆಲದಿಂದ ಸೂರಿನವರೆಗೆ ಎಷ್ಟು ಎತ್ತರವಿದೆ.

ಇದಕ್ಕೆ ಕಾರಣವಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಗ್ಯಾರೇಜಿನ ನೆಲ ಸುತ್ತಲಿನ ಮಟ್ಟಕ್ಕಿಂತ 150 ಮಿಲಿಮೀಟರ್, ಅಂದರೆ ಅರ್ಧ ಅಡಿ ಮೇಲಿದ್ದರೆ ಸಾಕು ಎನ್ನುತ್ತದೆ. ವಾಸದ ಕಟ್ಟಡಕ್ಕಾದರೆ 450 ಮಿಲಿಮೀಟರ್, ಒಂದೂವರೆ ಅಡಿ ಬೇಕು. ಎತ್ತರದಲ್ಲೂ ಹಾಗೆಯೇ, ಗ್ಯಾರೇಜಿಗೆ 2.4 ಮೀಟರ್ ಸಾಕಾದರೆ ವಾಸದ ಕೋಣೆಗೆ 2.75 ಮೀಟರ್, ಸುಮಾರು ಒಂಬತ್ತು ಅಡಿ, ಇರಬೇಕು. ತೇವದಿಂದ ಪಾರಾಗಲು ನೆಲವನ್ನು ಒಂದಡಿ ಏರಿಸಿದರೆ, ಮೊದಲೇ ತಗ್ಗಾಗಿದ್ದ ಸೂರು ತಲೆಯ ಹತ್ತಿರಕ್ಕೆ ಬರುತ್ತದೆ, ಫ್ಯಾನು ಹಾಕಲೂ ಜಾಗ ಉಳಿಯುವುದಿಲ್ಲ. ಏರಿಸದೆ ಬಿಟ್ಟರೆ ತೇವ ಒಳಗೇ ಉಳಿಯುತ್ತದೆ. ಶೆಡ್ಡನ್ನು ಕೋಣೆ ಮಾಡುವವರೆಲ್ಲ ಎದುರಿಸುವ ನಿಜವಾದ ತೊಡಕು ಇದು.

ತೇವದ ವಿಷಯವನ್ನು ನಾನು ಒತ್ತಿ ಹೇಳುವುದಕ್ಕೆ ಒಂದು ನೆನಪು ಕಾರಣ. ಸರಸ್ವತಿಪುರಂನಲ್ಲಿ ನಮ್ಮ ಬಂಧುಗಳೊಬ್ಬರು ಬೇಸಿಗೆಯಲ್ಲಿ ಇಂಥದೇ ಕೋಣೆ ಮಾಡಿಸಿದ್ದರು, ನೋಡಲು ಚೆನ್ನಾಗಿಯೇ ಇತ್ತು. ಅಕ್ಟೋಬರಿನ ಮಳೆಯ ನಂತರ ಮಂಚ ಸರಿಸಿದಾಗ ಹಾಸಿಗೆಯ ಅಡಿಭಾಗವೆಲ್ಲ ಬೂಷ್ಟು ಹಿಡಿದಿತ್ತು, ಮೊಣಕಾಲೆತ್ತರದವರೆಗೆ ಗೋಡೆಯ ಬಣ್ಣ ಗುಳ್ಳೆಯೆದ್ದಿತ್ತು, ನಾಣ್ಯದಿಂದ ಬಡಿದರೆ ಮಧ್ಯದ ಟೈಲ್ಸ್ ಟೊಳ್ಳು ಸದ್ದು ಮಾಡುತ್ತಿತ್ತು. ಬತ್ತಿ ಎಣ್ಣೆ ಹೀರುವ ಹಾಗೆ ಕಾಂಕ್ರೀಟು ಮಣ್ಣಿನ ತೇವವನ್ನು ಮೇಲಕ್ಕೆಳೆದಿತ್ತು. ಟೈಲ್ಸ್ ಬಿಟ್ಟುಕೊಂಡಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು: ವರ್ಷಗಟ್ಟಲೆ ಎಂಜಿನ್ ಆಯಿಲ್ ಕುಡಿದ ನೆಲಕ್ಕೆ ಸಿಮೆಂಟು ಕಚ್ಚುವುದಿಲ್ಲ. ಆ ವಾಸನೆಯೂ ಬಾಗಿಲು ಮುಚ್ಚಿದ ರಾತ್ರಿಗಳಲ್ಲಿ ಮೂಗಿಗೆ ಬಡಿಯುತ್ತದೆ.

ತಮ್ಮ ನೆಲದ ಸ್ಥಿತಿಯನ್ನು ತಿಳಿಯಲು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹರಡಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಎರಡು ರಾತ್ರಿ ಬಿಡಿ. ತೆಗೆದಾಗ ಹಾಳೆಯ ಕೆಳಗೆ ಹನಿ ಕಂಡರೆ, ಅಥವಾ ಅಷ್ಟು ಜಾಗ ಕಪ್ಪಾಗಿದ್ದರೆ, ತೇವ ಏರುತ್ತಿದೆ ಎಂದರ್ಥ. ಇದನ್ನು ಮಳೆಗಾಲದಲ್ಲಿ ಮಾಡುವುದು ಮೇಲು. ಮಂಡ್ಯದ ಕಡೆ ನಾಲೆಯ ಬಯಲಿನಲ್ಲಿ ಮನೆಯಿರುವವರು ನಾಲೆಗೆ ನೀರು ಬಿಟ್ಟಿರುವ ದಿನಗಳಲ್ಲಿ ನೋಡಬೇಕು. ತೇವವಿದ್ದರೆ ಹಳೆಯ ನೆಲವನ್ನು ಒಡೆಸಿ, ಮಣ್ಣನ್ನು ಬಡಿಸಿ ಗಟ್ಟಿಯಾಗಿ ದಮ್ಮಸ್ಸು ಮಾಡಿಸಿ, ಜಲ್ಲಿಯ ಮೇಲೆ ದಪ್ಪ ಪಾಲಿಥಿನ್ ಹಾಳೆಯನ್ನು ಗೋಡೆಯ ಅಂಚಿನವರೆಗೂ ಹಾಸಿ, ಅದರ ಮೇಲೆ ಹೊಸ ಕಾಂಕ್ರೀಟು ಹಾಕಿಸಬೇಕು. ಹಳೆಯ ನೆಲದ ಮೇಲೆಯೇ ಟೈಲ್ಸ್ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ.

ಸೂರು ಶೀಟಿನದೋ ಹೆಂಚಿನದೋ ಆಗಿದ್ದರೆ ಅದನ್ನು ಇಳಿಸಿ, ಗೋಡೆಯನ್ನು ಎರಡಡಿ ಏರಿಸಿ, ಮತ್ತೆ ಹೊದಿಸಬಹುದು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಅವನ್ನು ಕತ್ತರಿಸುವುದು, ಕೊರೆಯುವುದು, ಒಡೆಯುವುದು ಬೇಡ. ಆ ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ನೀರು ಚಿಮುಕಿಸಿ ಇಡಿಯಾಗಿಯೇ ಇಳಿಸಬೇಕು, ಮತ್ತೆ ಅದೇ ಶೀಟನ್ನು ಹೊದಿಸಬಾರದು. ಏಪ್ರಿಲ್ ಬಿಸಿಲಿನಲ್ಲಿ ಬರೀ ಶೀಟಿನ ಕೆಳಗೆ ವಯಸ್ಸಾದವರು ಮಧ್ಯಾಹ್ನ ಮಲಗಲಾರರು. ಮಂಗಳೂರು ಹೆಂಚು ಹೊದಿಸಿ ಅದರ ಕೆಳಗೆ ಮರದ ಅಥವಾ ಜಿಪ್ಸಮ್ ಚಾವಣಿ ಮಾಡಿಸಿದರೆ ತಂಪಾಗಿರುತ್ತದೆ. ಸೂರು ಎಂಟಡಿಯ ಆರ್‌ಸಿಸಿ ತಾರಸಿಯಾಗಿದ್ದು ನೆಲವೂ ತೇವವಾಗಿದ್ದರೆ, ಮಲಗುವ ಕೋಣೆಯ ಆಸೆಯನ್ನು ಬಿಟ್ಟು ಮನೆಯೊಳಗೇ ಕೆಳಮಹಡಿಯಲ್ಲಿ ತಂದೆಯವರಿಗೆ ಜಾಗ ಹುಡುಕುವುದು ಲೇಸೆಂದು ನನ್ನ ಅಭಿಪ್ರಾಯ.

ಶಟರ್ ಇದ್ದ ಬಾಯಿಯ ಕೆಳಗೆ ಸಾಮಾನ್ಯವಾಗಿ ತಳಪಾಯ ಇರುವುದಿಲ್ಲ. ಬರೀ ನೆಲದ ಕಾಂಕ್ರೀಟಿನ ಮೇಲೆ ಎಬ್ಬಿಸಿದ ಗೋಡೆ ಕುಸಿದು, ಹಳೆಯ ಗೋಡೆ ಸೇರುವಲ್ಲಿ ಉದ್ದಕ್ಕೆ ಬಿರುಕು ಬಿಡುತ್ತದೆ. ಅಲ್ಲಿ ಅಗೆಸಿ, ಪಕ್ಕದ ಗೋಡೆಯ ಆಳಕ್ಕೆ ಸೈಜುಗಲ್ಲು ಹಾಕಿಸಿಯೇ ಕಟ್ಟಿಸಿ. ಗಾಳಿಬೆಳಕಿಗೆ ನೆಲದ ವಿಸ್ತೀರ್ಣದ ಎಂಟನೇ ಒಂದು ಭಾಗದಷ್ಟಾದರೂ ತೆರೆವು ಬೇಕು: ತಮ್ಮ 160 ಚದರಡಿಗೆ 20 ಚದರಡಿ, ಅಂದರೆ 4×4 ಅಡಿಯ ಒಂದು ಕಿಟಕಿ, ಎದುರು ಗೋಡೆಯಲ್ಲಿ 2×2 ಅಡಿಯ ಇನ್ನೊಂದು. ವಿದ್ಯುತ್ತನ್ನು ಶೆಡ್ಡಿನ ಹಳೆಯ ಬಲ್ಬಿನ ತಂತಿಯಿಂದ ಎಳೆಯದೆ, ಮೀಟರ್ ಬೋರ್ಡಿನಿಂದ ಪ್ರತ್ಯೇಕ ಕೇಬಲ್, ಅರ್ತಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್ಚು) ಸಹಿತ ತರಿಸಿ.

ಕಾಗದಪತ್ರವನ್ನೂ ನೋಡಿಕೊಳ್ಳಿ. ಹಿಂಬದಿಯ ಮೂಲೆಯ ಸೆಟ್‌ಬ್ಯಾಕ್ ಜಾಗದಲ್ಲಿ, ಅಂದರೆ ನಿಯಮದಂತೆ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ, ಕಟ್ಟಲು ಬಿಟ್ಟಿದ್ದು ಅದು ಗ್ಯಾರೇಜ್ ಎಂಬ ಕಾರಣಕ್ಕೇ ಆಗಿದ್ದರೆ, ವಾಸದ ಕೋಣೆಗೆ ಆ ರಿಯಾಯಿತಿ ಸಿಗದಿರಬಹುದು. ಆದ್ದರಿಂದ ಒಡೆಯುವ ಮೊದಲೇ ಮಂಜೂರಾದ ನಕ್ಷೆಯೊಡನೆ ಪಾಲಿಕೆಯ ವಲಯ ಕಚೇರಿಯಲ್ಲಿ ಕೇಳಿ, ಪರಿಷ್ಕೃತ ನಕ್ಷೆಗೆ ಅನುಮತಿ ಪಡೆಯಿರಿ.

ತಂದೆಯವರಿಗಾಗಿ ಎಂದಿದ್ದೀರಿ; ಹಾಗಾದರೆ ಶೌಚಾಲಯ ಕೋಣೆಗೆ ಹೊಂದಿಕೊಂಡೇ ಇರಬೇಕು. ರಾತ್ರಿ ಮಳೆಯಲ್ಲಿ ಅಂಗಳ ದಾಟಿ ಮನೆಗೆ ಬರುವುದು ಅವರಿಗೆ ಮಹಡಿ ಹತ್ತುವುದಕ್ಕಿಂತ ಅಪಾಯ. ಯುಜಿಡಿ (ಒಳಚರಂಡಿ) ಚೇಂಬರಿನ ಮುಚ್ಚಳ ತೆಗೆಸಿ, ಕೋಣೆಯ ಹೊಸ ನೆಲದಿಂದ ಅಲ್ಲಿಗೆ ಇಳಿಜಾರು ಸಿಗುತ್ತದೆಯೇ ಎಂದು ನೀರುಮಟ್ಟದ ಪೈಪಿನಿಂದ ನೋಡಿಸಿ. ಒಂದೂವರೆ ಅಡಿ ಏರಿದ ನೆಲಕ್ಕೆ ಮೆಟ್ಟಿಲಿನ ಬದಲು ಹನ್ನೆರಡಕ್ಕೆ ಒಂದರ ಇಳಿಜಾರಿನ ರಾಂಪ್ ಮಾಡಿಸಿದರೆ ಅದಕ್ಕೇ 18 ಅಡಿ ಉದ್ದ ಬೇಕಾಗುತ್ತದೆ. ಆ ಜಾಗವನ್ನು ಸುಣ್ಣದ ಗೆರೆ ಎಳೆದು ಈಗಲೇ ಗುರುತಿಸಿಡಿ.