ಮ್ಯಾರೆಕ್ಸ್ ವೈರಸ್‌ನೊಳಗೆ ರೆಟ್ರೋವೈರಸ್ ತುಂಡು: ಮಧ್ಯದ ಭಾಗ ಎಲ್ಲಿ ಹೋಯಿತು?

ಬೀದರ್‌ನಲ್ಲಿ ವೆಟರ್ನರಿ ಓದುತ್ತಿದ್ದೇನೆ. ಈ ವಾರ ಕೋಳಿಯ ಗಡ್ಡೆ ರೋಗಗಳ ಪಾಠ. ಒಂದೇ ಜಾಗದಲ್ಲಿ ಮೂರು ದಿನ ಸಿಕ್ಕಿಕೊಂಡಿದ್ದೆ, ನಿನ್ನೆ ರಾತ್ರಿ ಬಿಡಿಸಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ, ನಿಮಗೂ ಉಪಯೋಗ ಆಗಬಹುದು.

ಮೊದಲು ಯಾರು ಯಾರು ಅಂತ ನೋಡೋಣ. ಮ್ಯಾರೆಕ್ಸ್ ರೋಗ ತರುವುದು ಹರ್ಪಿಸ್ ವೈರಸ್. ಅದರದು ಡಿಎನ್‌ಎ, ಉದ್ದ ಸುಮಾರು 1.8 ಲಕ್ಷ ಅಕ್ಷರ ಜೋಡಿ. ಟಿ ಕೋಶಗಳಲ್ಲಿ, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳಲ್ಲಿ, ಗಡ್ಡೆ ಮಾಡುತ್ತದೆ. ಗರಿಯ ಬುಡದಿಂದ ಉದುರುವ ಧೂಳಿನಲ್ಲಿ ಹರಡುತ್ತದೆ, ಮೊಟ್ಟೆಯ ಮೂಲಕ ಮರಿಗೆ ಹೋಗುವುದಿಲ್ಲ. ಇನ್ನೊಂದು ಕಡೆ ಎರಡು ರೆಟ್ರೋವೈರಸ್‌ಗಳಿವೆ: ಏವಿಯನ್ ಲ್ಯೂಕೋಸಿಸ್ ವೈರಸ್ ಮತ್ತು ರೆಟಿಕ್ಯುಲೋಎಂಡೋಥೀಲಿಯೋಸಿಸ್ ವೈರಸ್. ಎರಡನೆಯದರ ಹೆಸರು ಉದ್ದ, ಆದ್ದರಿಂದ ಇಲ್ಲಿ ಆರ್‌ಇವಿ ಅಂತ ಬರೆಯುತ್ತೇನೆ. ಇವುಗಳದು ಆರ್‌ಎನ್‌ಎ. ಲ್ಯೂಕೋಸಿಸ್ ವೈರಸ್ ತಾಯಿಯಿಂದ ಮೊಟ್ಟೆಯೊಳಗೇ ಮರಿಗೆ ಬರುತ್ತದೆ.

ಒಂದೇ ಕೋಳಿಗೆ ಎರಡೂ ಬಗೆಯ ವೈರಸ್ ಬರಬಹುದು. ಒಂದೇ ಜೀವಕೋಶಕ್ಕೂ ಬರಬಹುದು. ವಿಷಯ ಶುರುವಾಗುವುದೇ ಇಲ್ಲಿಂದ.

1992ರಲ್ಲಿ ಐಸ್‌ಫೋರ್ಟ್ ಮತ್ತು ಜೊತೆಗಾರರು ಒಂದು ಸಂಗತಿ ತೋರಿಸಿಕೊಟ್ಟರು. ಆರ್‌ಇವಿ ಹೋಗಿ ಮ್ಯಾರೆಕ್ಸ್ ವೈರಸ್‌ನ ಡಿಎನ್‌ಎ ಒಳಗೇ ಸೇರಿಕೊಳ್ಳುತ್ತದೆ! ಕೋಳಿಯ ಡಿಎನ್‌ಎ ಒಳಗೆ ಅಲ್ಲ, ಇನ್ನೊಂದು ವೈರಸ್ ಒಳಗೆ. ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಆರ್‌ಎನ್‌ಎ ವೈರಸ್ ಡಿಎನ್‌ಎ ಒಳಗೆ ಹೇಗೆ ಸೇರುತ್ತದೆ? ಇದು ಸುಲಭ. ರೆಟ್ರೋವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲು ಮಾಡುತ್ತದೆ. ಆ ಎಂಜೈಮನ್ನು 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಕಂಡುಹಿಡಿದರು, 1975ರಲ್ಲಿ ನೊಬೆಲ್ ಬಂತು. ಆಮೇಲೆ ಇಂಟಿಗ್ರೇಸ್ ಎಂಬ ಇನ್ನೊಂದು ಎಂಜೈಮ್ ಆ ನಕಲನ್ನು ನ್ಯೂಕ್ಲಿಯಸ್‌ನಲ್ಲಿರುವ ಯಾವುದೋ ಡಿಎನ್‌ಎಗೆ ಕತ್ತರಿಸಿ ಜೋಡಿಸುತ್ತದೆ. ಅದು ಕೋಳಿಯದಾ, ವೈರಸ್‌ನದಾ ಅಂತ ಇಂಟಿಗ್ರೇಸ್ ಕೇಳುವುದಿಲ್ಲ. ಹರ್ಪಿಸ್ ಕೂಡ ನ್ಯೂಕ್ಲಿಯಸ್‌ನಲ್ಲೇ ತನ್ನ ಪ್ರತಿಗಳನ್ನು ರಾಶಿ ಹಾಕುತ್ತಿರುತ್ತದೆ, ಹಾಗಾಗಿ ಸಿಗುವ ಜಾಗವೂ ಜಾಸ್ತಿ.

ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಆರ್‌ಇವಿ ಸುಮಾರು 8 ಸಾವಿರ ಅಕ್ಷರ ಉದ್ದ, ಅದರ ಎರಡೂ ತುದಿಯಲ್ಲಿ ಒಂದೇ ಥರದ ಒಂದೊಂದು ತುಂಡು ಇರುತ್ತದೆ, ಅದಕ್ಕೆ ಎಲ್‌ಟಿಆರ್ ಅನ್ನುತ್ತಾರೆ. ಆದರೆ ಮ್ಯಾರೆಕ್ಸ್ ವೈರಸ್‌ನೊಳಗೆ ಸಾಮಾನ್ಯವಾಗಿ ಸಿಗುವುದು ಒಂದೇ ಒಂದು ಎಲ್‌ಟಿಆರ್. ಹಾಗಾದರೆ ಒಂದು ತುದಿ ಮಾತ್ರ ಹೋಗಿ ಸೇರಿತಾ? ನಾನು ಹಾಗೇ ತಿಳಿದಿದ್ದೆ. ತಪ್ಪು. ಇಂಟಿಗ್ರೇಸ್‌ಗೆ ಎರಡೂ ತುದಿ ಬೇಕು, ಸೇರುವಾಗ ಇಡೀ ವೈರಸ್ ಸೇರುತ್ತದೆ. ಕಳೆದುಹೋಗುವುದು ಆಮೇಲೆ.

ಹೇಗೆ ಅಂತ ಹೂವಿನ ಮಾಲೆಯಲ್ಲಿ ನೋಡ್ರಿ. ಉದ್ದನೆಯ ಸೇವಂತಿ ಮಾಲೆ ಇದೆ. ನಡುವೆ ಒಂದು ಗುಲಾಬಿ, ಆಮೇಲೆ ಒಂದಷ್ಟು ಮಲ್ಲಿಗೆ, ಮತ್ತೆ ಒಂದು ಗುಲಾಬಿ. ಗುಲಾಬಿಗಳು ಎರಡು ಎಲ್‌ಟಿಆರ್, ಮಲ್ಲಿಗೆ ಆರ್‌ಇವಿಯ ಜೀನ್‌ಗಳು, ಸೇವಂತಿ ಮ್ಯಾರೆಕ್ಸ್ ವೈರಸ್. ಈಗ ಮಾಲೆಯನ್ನು ಬಗ್ಗಿಸಿ ಎರಡು ಗುಲಾಬಿಗಳನ್ನು ಪಕ್ಕಪಕ್ಕ ತನ್ನಿ, ಮಲ್ಲಿಗೆ ಕುಣಿಕೆಯಾಗಿ ಕೆಳಗೆ ಜೋತುಬೀಳುತ್ತದೆ. ಎರಡೂ ಗುಲಾಬಿಗಳನ್ನು ನಡುವೆ ಸೀಳಿ, ಮೊದಲನೆಯದರ ಎಡ ಅರ್ಧವನ್ನು ಎರಡನೆಯದರ ಬಲ ಅರ್ಧಕ್ಕೆ ಕಟ್ಟಿ. ಮಾಲೆಯಲ್ಲಿ ಒಂದು ಪೂರ್ತಿ ಗುಲಾಬಿ ಉಳಿಯಿತು. ಮಲ್ಲಿಗೆಯ ಕುಣಿಕೆ ಉಳಿದೆರಡು ಅರ್ಧಗಳ ಜೊತೆ ಬಿದ್ದುಹೋಯಿತು. ಇಷ್ಟೇ! ಒಂದೇ ಥರದ ಎರಡು ಅಕ್ಷರ ಸಾಲುಗಳ ನಡುವೆ ಆಗುವ ಅದಲುಬದಲು ಇದು, ಹರ್ಪಿಸ್ ಡಿಎನ್‌ಎ ನಕಲಾಗುವಾಗ ಇಂಥದ್ದು ಆಗಾಗ ನಡೆಯುತ್ತದೆ. ಪರೀಕ್ಷೆಯಲ್ಲಿ ಚಿತ್ರ ಬರೆಯಬೇಕಾದರೆ ಮೊದಲು ಕುಣಿಕೆ ಬರೆಯಿರಿ, ಉಳಿದದ್ದು ತಾನಾಗಿ ಬರುತ್ತದೆ.

ಜೀನ್ ಹೋದ ಮೇಲೆ ಬರೀ ಎಲ್‌ಟಿಆರ್‌ನಿಂದ ಏನು ಆಗುತ್ತದೆ ಅಂತ ಕೇಳಬಹುದು. ಎಲ್‌ಟಿಆರ್ ಪಕ್ಕದ ಜೀನ್‌ಗಳನ್ನು ಜೋರಾಗಿ ಚಾಲೂ ಮಾಡುವ ಸ್ವಿಚ್. ಲ್ಯೂಕೋಸಿಸ್ ವೈರಸ್ ಗಡ್ಡೆ ಮಾಡುವುದೂ ಹೀಗೇ, ಕೋಶ ಬೆಳೆಯುವಂತೆ ಮಾಡುವ ಕೋಳಿಯ ಮಿಕ್ ಜೀನ್ ಪಕ್ಕ ಕೂತು. ಮ್ಯಾರೆಕ್ಸ್ ವೈರಸ್‌ನಲ್ಲಿ ಇದರ ಒಳ್ಳೆಯ ಉದಾಹರಣೆ ಆರ್‌ಎಂ1. ಮ್ಯಾರೆಕ್ಸ್ ವೈರಸ್‌ನ ಜೆಎಂ ಎಂಬ ತಳಿಯನ್ನು ಆರ್‌ಇವಿ ಜೊತೆ ಬಾತುಕೋಳಿಯ ಭ್ರೂಣದ ಕೋಶಗಳಲ್ಲಿ ಬೆಳೆಸಿದಾಗ ಬಂದದ್ದು. ಎಲ್‌ಟಿಆರ್ ಸೇರಿದ ಈ ವೈರಸ್ ಗಡ್ಡೆ ಮಾಡುವ ಶಕ್ತಿ ಕಳೆದುಕೊಂಡಿತು, ಮ್ಯಾರೆಕ್ಸ್‌ನಿಂದ ಒಳ್ಳೆಯ ರಕ್ಷಣೆಯನ್ನೂ ಕೊಟ್ಟಿತು, ಆದರೆ ಮರಿಗಳ ಥೈಮಸ್ ಗ್ರಂಥಿಯನ್ನು ಸೊರಗಿಸುವುದನ್ನು ಬಿಡಲಿಲ್ಲ. ಎಲ್‌ಟಿಆರ್ ಬಂದರೆ ವೈರಸ್ ಇನ್ನೂ ಕೆಟ್ಟದಾಗುತ್ತದೆ ಅಂತ ಉತ್ತರದಲ್ಲಿ ಬರೆದರೆ ತಪ್ಪು ಅಲ್ವಾ?

ಸೇರಿಕೊಳ್ಳದೆಯೂ ಒಂದು ವೈರಸ್ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಮ್ಯಾರೆಕ್ಸ್‌ಗೆ ಹಾಕುವ ಎಸ್‌ಬಿ-1 ಲಸಿಕೆಯ ವೈರಸ್, ಕೆಲವು ಕೋಳಿ ತಳಿಗಳಲ್ಲಿ ಲ್ಯೂಕೋಸಿಸ್ ಗಡ್ಡೆಗಳನ್ನು ಹೆಚ್ಚಿಸಿದ್ದು ಕಂಡಿದೆ. ಎಲ್ಲ ತಳಿಗಳಲ್ಲೂ ಅಲ್ಲ, ಈ 'ಕೆಲವು' ಬಿಡಬೇಡಿ.

ಕೊನೆಗೆ ಫೌಲ್ ಪಾಕ್ಸ್, ಅಂದರೆ ಕೋಳಿ ಸಿಡುಬು. ಅದು ಹರ್ಪಿಸ್ ಅಲ್ಲ, ಆದರೂ ಅದರೊಳಗೂ ಆರ್‌ಇವಿ ಕೂತಿದೆ. ಫಾರಂಗಳಲ್ಲಿ ರೋಗ ತರುವ ಬಹಳಷ್ಟು ತಳಿಗಳಲ್ಲಿ ಹೆಚ್ಚುಕಡಿಮೆ ಇಡೀ ಆರ್‌ಇವಿ ಇದೆ, ಲಸಿಕೆ ತಳಿಗಳಲ್ಲಿ ಸಾಮಾನ್ಯವಾಗಿ ಎಲ್‌ಟಿಆರ್‌ನ ಚೂರು ಮಾತ್ರ. ಮಾಲೆಯ ಲೆಕ್ಕದಲ್ಲಿ ಹೇಳಿದರೆ, ಒಂದರಲ್ಲಿ ಮಲ್ಲಿಗೆ ಇನ್ನೂ ಇದೆ, ಇನ್ನೊಂದರಲ್ಲಿ ಉದುರಿದೆ.