ಹೊಸ ಕ್ಯಾಮೆರಾ ಹಕ್ಕಿ ಇಳಿಯುವಾಗಲೇ ಯಾಕೆ ತಡವರಿಸುತ್ತದೆ?

ಪ್ರಶ್ನೆ: ಸೆಕೆಂಡಿಗೆ 15 ಫೋಟೋ ತೆಗೆಯುವ ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಮಂಡಗದ್ದೆಯಲ್ಲಿ ಬೆಳ್ಳಕ್ಕಿ ಗೂಡಿಗೆ ಇಳಿಯುವಾಗ ಬಟನ್ ಒತ್ತಿ ಹಿಡಿದರೆ ಐದಾರು ಸೆಕೆಂಡಿಗೇ ನಿಧಾನವಾಗುತ್ತದೆ. ಕ್ಯಾಮೆರಾ ಕೆಟ್ಟಿದೆಯಾ?
– ಓದುಗರೊಬ್ಬರು, ತೀರ್ಥಹಳ್ಳಿ

ಕೆಟ್ಟಿರಲಿಕ್ಕಿಲ್ಲ. ಮೊದಲು ಮೆಮೊರಿ ಕಾರ್ಡು ಹೊರಗೆ ತೆಗೆದು ನೋಡಿ.

ಸೂರಿನ ನೀರು ಅಡಿಕೆ ದೋಣಿಯಲ್ಲಿ ಹರಿದು ಡ್ರಮ್ಮಿಗೆ ಬೀಳುತ್ತದಲ್ಲ, ಇದೂ ಹಾಗೆಯೇ. ಡ್ರಮ್ಮು ಅಂದರೆ ಕ್ಯಾಮೆರಾದೊಳಗಿನ ಬಫರ್, ಫೋಟೋಗಳು ಕಾರ್ಡಿಗೆ ಹೋಗುವ ಮೊದಲು ನಿಲ್ಲುವ ಜಾಗ. ಅದರ ನಲ್ಲಿ ಎಷ್ಟು ದೊಡ್ಡದು ಅನ್ನುವುದು ಕಾರ್ಡಿನ ಮೇಲಿದೆ. ಒಂದು ರಾ ಫೋಟೋ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ದೊಡ್ಡ ಫೈಲು, 30 ಎಂಬಿ ಅಂದುಕೊಳ್ಳಿ. 15 ಫೋಟೋ ಅಂದರೆ ಸೆಕೆಂಡಿಗೆ 450 ಎಂಬಿ ಸುರಿಯುತ್ತಿದೆ. ನಿಮ್ಮ ಕಾರ್ಡು 75 ಎಂಬಿ ಬರೆದರೆ ಹೊರಗೆ ಹೋಗುವುದು ಎರಡೂವರೆ ಫೋಟೋ ಮಾತ್ರ. ಬಫರ್ 80 ಫೋಟೋ ಹಿಡಿಯುವಂಥದ್ದಾದರೆ ಆರು ಸೆಕೆಂಡಿಗೆ ತುಂಬಿತು, ಅಲ್ವಾ?

ಕಾರ್ಡಿನ ಮೇಲೆ 170 ಎಂದು ದಪ್ಪಗೆ ಬರೆದಿದ್ದರೆ ಅದು ಸಾಮಾನ್ಯವಾಗಿ ಓದುವ ವೇಗ. ನಮಗೆ ಬೇಕಾದದ್ದು ಬರೆಯುವ ವೇಗ. ಕಾರ್ಡಿನ ಮೇಲೆ ವಿ30 ಎಂಬ ಗುರುತಿದ್ದರೆ ಎಡೆಬಿಡದೆ ಬರೆಯುವಾಗ ಸೆಕೆಂಡಿಗೆ ಕನಿಷ್ಠ 30 ಎಂಬಿ, ವಿ90 ಅಂದರೆ 90. ಕಾರ್ಡಿನ ಹಿಂದೆ ಪಿನ್ನುಗಳು ಒಂದೇ ಸಾಲಿದ್ದರೆ ಅದು ಯುಎಚ್‌ಎಸ್-1 ಎಂಬ ಬಗೆಯದು, ಅದರ ಮಿತಿ 104 ಎಂಬಿ. ಎರಡು ಸಾಲಿದ್ದರೆ ಯುಎಚ್‌ಎಸ್-2, ಮಿತಿ 312. ಆದರೆ ಕ್ಯಾಮೆರಾದಲ್ಲಿ ಕಾರ್ಡು ಕೂರುವ ಸ್ಲಾಟೂ ಯುಎಚ್‌ಎಸ್-2 ಆಗಿರಬೇಕು. ಇಲ್ಲದಿದ್ದರೆ ಜಾಸ್ತಿ ದುಡ್ಡು ಕೊಟ್ಟ ಕಾರ್ಡೂ ಹಳೆಯ ವೇಗಕ್ಕೇ ಇಳಿಯುತ್ತದೆ. ಮ್ಯಾನುಯಲ್ ನೋಡದೆ ಸುಮ್ನೆ ದುಬಾರಿ ಕಾರ್ಡು ತರಬೇಡಿ.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಎರಡು ಸ್ಲಾಟಿದ್ದು, ಎರಡಕ್ಕೂ ಒಟ್ಟಿಗೆ ಬರೆಯುವಂತೆ ಇಟ್ಟಿದ್ದರೆ, ನಿಧಾನದ ಕಾರ್ಡು ಮುಗಿಸುವವರೆಗೆ ವೇಗದ ಕಾರ್ಡೂ ಕಾಯಬೇಕು.

ವಿಡಿಯೋಗೆ ಇಷ್ಟು ತಲೆಬಿಸಿ ಬೇಡ. 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ಅಂದರೆ ಸೆಕೆಂಡಿಗೆ 12.5 ಎಂಬಿ ಅಷ್ಟೇ, ಏಕೆಂದರೆ ಎಂಟು ಬಿಟ್ ಸೇರಿ ಒಂದು ಬೈಟ್. ವಿ30 ಸಾಕು.

ಮಂಡಗದ್ದೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದೇ ಮಳೆಗಾಲದಲ್ಲಿ. ಮಳೆ ಬಿಟ್ಟ ಹತ್ತು ನಿಮಿಷದಲ್ಲಿ ಫೋಟೋ ಸಿಗಬೇಕು. ಆಗ ಕ್ಯಾಮೆರಾ ನಿಂತರೆ ಎಷ್ಟು ಸಂಕಟ ಅಂತ ನನಗೆ ಗೊತ್ತು. ಹಾಗಾಗಿ ಹೊಸ ಕಾರ್ಡು ತರುವ ಮೊದಲು ರಾ ಬದಲು ಗಾತ್ರ ಕುಗ್ಗಿಸಿದ ಕಂಪ್ರೆಸ್ಡ್ ರಾ ಇಟ್ಟು ನೋಡಿ, ಒಂದು ಪೈಸೆ ಖರ್ಚಿಲ್ಲ. ಆಮೇಲೆ ಮನೆಯಲ್ಲೇ ತಿರುಗುವ ಫ್ಯಾನಿಗೆ ಹಿಡಿದು ಬಟನ್ ಒತ್ತಿ. ಬೆರಳು ತೆಗೆದ ಮೇಲೆ ಕಾರ್ಡಿನ ದೀಪ ಎಷ್ಟು ಸೆಕೆಂಡು ಉರಿಯುತ್ತದೆ ಎಂದು ಎಣಿಸಿ. ಹಳೆಯ ಕಾರ್ಡಿಗೊಮ್ಮೆ, ಸ್ನೇಹಿತರ ವೇಗದ ಕಾರ್ಡು ಸಿಕ್ಕರೆ ಅದಕ್ಕೊಮ್ಮೆ.