ಎರಡು ವಾರ ದಾಟಿದ ಭೇದಿ: ಮಗುವಿನ ತೂಕ ನೋಡಿ

ಎಳೆಯ ಮಕ್ಕಳ ಭೇದಿ ಸಾಮಾನ್ಯವಾಗಿ ವಾರದೊಳಗೆ ಹತೋಟಿಗೆ ಬರುತ್ತದೆ. ಹಠಾತ್ತನೆ ಶುರುವಾಗಿ 14 ದಿನ ಕಳೆದರೂ ನಿಲ್ಲದಿದ್ದರೆ ಅದು ದೀರ್ಘಕಾಲದ ಭೇದಿ. ಅಷ್ಟು ಹೊತ್ತಿಗೆ ಎಷ್ಟೋ ಮಕ್ಕಳು ಎರಡು ಮೂರು ಬಗೆಯ ಆ್ಯಂಟಿಬಯೋಟಿಕ್ ಸಿರಪ್ ಕುಡಿದಿರುತ್ತವೆ. ಹಾಲು ನಿಂತಿರುತ್ತದೆ, ಪಥ್ಯದ ಹೆಸರಲ್ಲಿ ಗಂಜಿ ತಿಳಿಯಷ್ಟೇ ಉಳಿದಿರುತ್ತದೆ. ಇದು ಯಾವ ಔಷಧಿಗೆ ನಿಲ್ಲುತ್ತದೆ ಎಂದು ಮನೆಯವರು ಕೇಳುತ್ತಾರೆ. ಬಹುಪಾಲು ಮಕ್ಕಳಿಗೆ ಆ ಔಷಧಿ ಊಟವೇ, ಮತ್ತು ಭೇದಿ ಎಳೆದಾಡಲು ದೊಡ್ಡ ಕಾರಣ ಆ ಪಥ್ಯವೇ.

ಸಣ್ಣಕರುಳಿನ ಒಳಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಬೆರಳುಗಳಂಥ ರಚನೆಗಳಿವೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ತಯಾರಾಗುವುದು ಅವುಗಳ ತುದಿಯ ಜೀವಕೋಶಗಳಲ್ಲಿ. ರೋಟಾವೈರಸ್, ಕೆಲವು ಬಗೆಯ ಇ. ಕೊಲೈ, ಜಿಯಾರ್ಡಿಯಾ, ಕ್ರಿಪ್ಟೋಸ್ಪೋರಿಡಿಯಂ ಮುಂತಾದ ರೋಗಾಣುಗಳು ಹಾಳು ಮಾಡುವುದು ಈ ಪದರವನ್ನೇ. ಆರೋಗ್ಯವಿದ್ದಾಗ ಈ ಪದರ ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತದೆ. ಆದರೆ ಹೊಸ ಕೋಶ ಹುಟ್ಟಲು ಪ್ರೋಟೀನ್, ಸತು (ಜಿಂಕ್), ವಿಟಮಿನ್ ಎ ಬೇಕು, ಕರುಳಿನೊಳಗೆ ಆಹಾರ ಹರಿಯುತ್ತಲೂ ಇರಬೇಕು. ಉಪವಾಸವಿಟ್ಟ ಮಗುವಿನ ಕರುಳು ರೋಗಾಣು ಹೋದ ಮೇಲೂ ಸವೆದೇ ಇರುತ್ತದೆ. ಜೀರ್ಣವಾಗದ ಸಕ್ಕರೆ ದೊಡ್ಡಕರುಳಿಗೆ ಇಳಿದು ನೀರನ್ನು ಎಳೆದುಕೊಳ್ಳುತ್ತದೆ, ಭೇದಿ ಮುಂದುವರಿಯುತ್ತದೆ. ಅದನ್ನು ಕಂಡು ಮನೆಯವರು ಊಟವನ್ನು ಇನ್ನಷ್ಟು ಕಡಿಮೆ ಮಾಡುತ್ತಾರೆ.

ಲೆಕ್ಕ ಹೀಗಿದೆ. ಚೇತರಿಸಿಕೊಳ್ಳುವ ಮಗುವಿಗೆ ದಿನಕ್ಕೆ ಕಿಲೋ ತೂಕಕ್ಕೆ ಕನಿಷ್ಠ 110 ಕ್ಯಾಲೊರಿ ಬೇಕು, ಅಂದರೆ 8 ಕಿಲೋ ಮಗುವಿಗೆ 880. ತೆಳು ಗಂಜಿಯ 100 ಮಿಲಿಯಲ್ಲಿ 30 ಕ್ಯಾಲೊರಿ ಇದೆ ಎಂದುಕೊಂಡರೂ ಮಗು ಸುಮಾರು 3 ಲೀಟರ್ ಕುಡಿಯಬೇಕಾಗುತ್ತದೆ. ಸಾಧ್ಯವೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ದಾಟಿದ ಮಕ್ಕಳಿಗೆ ಸೂಚಿಸುವ ಮೊದಲ ಹಂತದ ಊಟ ನಮ್ಮ ಅಡುಗೆಮನೆಗೆ ಹೊಸದಲ್ಲ. 15 ಗ್ರಾಂ ಅಕ್ಕಿಯನ್ನು ಮೆತ್ತಗೆ ಬೇಯಿಸಿ, 85 ಮಿಲಿ ಗಟ್ಟಿ ಹಾಲು, 3.5 ಗ್ರಾಂ ಎಣ್ಣೆ, 3 ಗ್ರಾಂ ಸಕ್ಕರೆ ಸೇರಿಸಿ, ನೀರು ಬೆರೆಸಿ ಒಟ್ಟು 200 ಮಿಲಿ ಮಾಡುವುದು. ಇದರ 100 ಗ್ರಾಂನಲ್ಲಿ ಸುಮಾರು 83 ಕ್ಯಾಲೊರಿ ಇರುತ್ತದೆ, ದಿನಕ್ಕೆ ಆರು ಸಲ ಕೊಡಬೇಕು. ಹಾಲನ್ನು ಪೂರ್ತಿ ಬಿಡಿಸುವ ಅಗತ್ಯ ಹೆಚ್ಚಿನ ಮಕ್ಕಳಿಗಿಲ್ಲ. ದಿನಕ್ಕೆ ಕಿಲೋಗೆ 50 ಮಿಲಿ ಮೀರದಂತೆ, ಬರಿಯ ಹಾಲಾಗಿ ಅಲ್ಲದೆ ಅನ್ನದ ಜೊತೆ ಹೋದರೆ ಸಾಕು. ಮೊಸರು ಇನ್ನೂ ಒಳ್ಳೆಯದು, ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಭಾಗವನ್ನು ಆಗಲೇ ಒಡೆದಿರುತ್ತವೆ. ಎದೆಹಾಲನ್ನಂತೂ ನಿಲ್ಲಿಸಲೇಬಾರದು.

ರಾಗಿ ಸರಿ ತಿನ್ನುವ ಮಗುವಾದರೆ ಗಟ್ಟಿಯಾಗಿ ಬೇಯಿಸಿ, ಬೆಚ್ಚಗಾಗುವಷ್ಟು ಆರಿದ ಮೇಲೆ ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಹಿಟ್ಟು ಒಂದು ಟೀಚಮಚ ಹಾಕಿ ಕಲಕಿ. ಮೊಳಕೆಯ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆದು ಕೆಲವೇ ನಿಮಿಷದಲ್ಲಿ ಸರಿಯನ್ನು ತೆಳ್ಳಗೆ ಮಾಡುತ್ತದೆ. ನೀರು ಸೇರಿಸದೆ ತೆಳುವಾಗಿದ್ದರಿಂದ ಕ್ಯಾಲೊರಿ ಕಡಿಮೆಯಾಗುವುದಿಲ್ಲ. ಕುದಿಯುವಾಗ ಹಾಕಿದರೆ ಕಿಣ್ವ ಸಾಯುತ್ತದೆ, ತೆಳ್ಳಗಾದ ಮೇಲೆ ಮಾತ್ರ ಮತ್ತೊಮ್ಮೆ ಕುದಿಸಬೇಕು. ಬೇಯಿಸಿ ಮಸೆದ ಬಾಳೆಕಾಯಿಯೂ ಉಪಯೋಗಿ: ಢಾಕಾದಲ್ಲಿ ದೀರ್ಘ ಭೇದಿಯ ಮಕ್ಕಳಿಗೆ ಅದನ್ನು ಅಕ್ಕಿಯ ಊಟದಲ್ಲಿ ಬೆರೆಸಿ ಕೊಟ್ಟು ನೋಡಿದಾಗ ಮಲದ ಪ್ರಮಾಣ ತಗ್ಗಿತ್ತು.

ಇಷ್ಟಾದರೂ ಮಲ ನೊರೆಯಾಗಿ, ಹುಳಿವಾಸನೆಯಿಂದ ಪಿಚಕಾರಿಯಂತೆ ಹೋಗುತ್ತಿದ್ದರೆ, ಗುದದ ಸುತ್ತ ಕೆಂಪಾಗಿ ಸುಲಿದಿದ್ದರೆ ಲ್ಯಾಕ್ಟೋಸ್ ಅರಗುತ್ತಿಲ್ಲ ಎಂದು ಅನುಮಾನಿಸಬೇಕು. ಮಲದ ಪಿಎಚ್ 5.5ಕ್ಕಿಂತ ಕಡಿಮೆಯಿದ್ದು, ಅಂದರೆ ಮಲ ಹುಳಿಯಾಗಿದ್ದು, ಸಕ್ಕರೆಯ ಅಂಶ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಪರೀಕ್ಷೆ ತಪ್ಪುವುದು ಡಯಾಪರ್‌ನಿಂದ: ಸಕ್ಕರೆ ಇರುವುದು ಮಲದ ನೀರಿನಲ್ಲಿ, ಆ ನೀರನ್ನು ಡಯಾಪರ್ ಹೀರಿಬಿಡುತ್ತದೆ. ಸ್ವಚ್ಛ ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಡಿದು ತಕ್ಷಣ ಪ್ರಯೋಗಾಲಯಕ್ಕೆ ಕೊಡಿ. ಲ್ಯಾಕ್ಟೋಸ್ ಅರಗುತ್ತಿಲ್ಲವೆಂದು ಕಂಡುಬಂದರೆ ಊಟದ ಎರಡನೇ ಹಂತ. ಹಾಲು ಬಿಟ್ಟು, ಅನ್ನಕ್ಕೆ ಮೊಟ್ಟೆ ಅಥವಾ ನುಣ್ಣಗೆ ಅರೆದ ಕೋಳಿಮಾಂಸ. ಸಸ್ಯಾಹಾರಿ ಮನೆಯಲ್ಲಿ ಗಟ್ಟಿ ಹೆಸರುಬೇಳೆ ತೊವ್ವೆ ಮತ್ತು ಎಣ್ಣೆ. ಇದು ಎರಡರಿಂದ ನಾಲ್ಕು ವಾರಕ್ಕೆ ಮಾತ್ರ. ಆಮೇಲೆ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಅನ್ನದಲ್ಲಿ ಬೆರೆಸಿ ಮರಳಿ ಶುರುಮಾಡಬೇಕು. ವರ್ಷಗಟ್ಟಲೆ ಹಾಲು ಬಿಡಿಸುವುದಕ್ಕೆ ಕಾರಣವಿಲ್ಲ.

ಸತುವಿನ ಮಾತ್ರೆ 14 ದಿನ: ಎರಡರಿಂದ ಆರು ತಿಂಗಳವರೆಗೆ 10 ಮಿಲಿಗ್ರಾಂ, ಆರು ತಿಂಗಳ ನಂತರ 20. ಭೇದಿ ನಿಂತಿತೆಂದು ನಾಲ್ಕೇ ದಿನಕ್ಕೆ ಬಿಡುವುದು ತೀರ ಸಾಮಾನ್ಯ ತಪ್ಪು. ಓಆರ್‌ಎಸ್ ದೊಡ್ಡ ಪೊಟ್ಟಣಕ್ಕೆ ಪೂರ್ತಿ 1 ಲೀಟರ್ ನೀರು, ಸಣ್ಣದಕ್ಕೆ 200 ಮಿಲಿ. ದೊಡ್ಡ ಪೊಟ್ಟಣದಿಂದ ಅಂದಾಜಿಗೆ ಒಂದು ಚಮಚ ತೆಗೆದು ಲೋಟಕ್ಕೆ ಹಾಕಿದರೆ ರಕ್ತದಲ್ಲಿ ಉಪ್ಪು ಅಪಾಯಕರವಾಗಿ ಏರಬಹುದು. ಒಮ್ಮೆ ಕಲಸಿದ್ದು 24 ಗಂಟೆ ಮಾತ್ರ. ನೀರಾದ ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲಿ; ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ, ಸೋಡಿಯಂ ಸಾಲದು. ಅಂಗಡಿಯ ಹಣ್ಣಿನ ರಸ, ಗ್ಲೂಕೋಸ್ ನೀರು ಭೇದಿಯನ್ನು ಹೆಚ್ಚಿಸುತ್ತವೆ.

ಆ್ಯಂಟಿಬಯೋಟಿಕ್ ಬೇಕಾಗುವುದು ಮಲದಲ್ಲಿ ರಕ್ತವಿದ್ದಾಗ, ಕಾಲರಾ ಶಂಕೆಯಿದ್ದಾಗ, ಅಥವಾ ಕಿವಿ, ಶ್ವಾಸಕೋಶ, ಮೂತ್ರದ ಸೋಂಕು ಜೊತೆಗಿದ್ದಾಗ. ಜಿಯಾರ್ಡಿಯಾ ಪತ್ತೆಯಾದರೆ ಅದಕ್ಕೆ ಬೇರೆಯೇ ಔಷಧಿ. ಅದು ಪ್ರತಿದಿನ ಮಲದಲ್ಲಿ ಕಾಣಿಸದ ಕಾರಣ ಮೂರು ಬೇರೆ ದಿನಗಳ ಮಾದರಿ ಕೊಡಬೇಕು. ಮೂತ್ರ ಪರೀಕ್ಷೆ ಮಾಡಿಸದೆ ನಾಲ್ಕನೇ ಸಿರಪ್ ಬರೆಯುವುದು ಸರಿಯಲ್ಲ, ಆ್ಯಂಟಿಬಯೋಟಿಕ್‌ನಿಂದಲೇ ಭೇದಿ ಉಳಿಯುವುದೂ ಉಂಟು. ಕರುಳಿನ ಚಲನೆ ತಡೆಯುವ ಲೋಪರಮೈಡ್ ಎಳೆಯರಿಗೆ ನಿಷಿದ್ಧ. ಹಲ್ಲು ಬರುತ್ತಿದೆ ಎಂದು ಸುಮ್ಮನಿರುವುದೂ ಬೇಡ.

ಮಗುವನ್ನು ಒಂದೇ ತಕ್ಕಡಿಯಲ್ಲಿ, ಬಟ್ಟೆಯಿಲ್ಲದೆ, ಬೆಳಗ್ಗೆ ಊಟಕ್ಕೆ ಮೊದಲು ತೂಗಿ ತಾಯಿ ಕಾರ್ಡ್‌ನಲ್ಲಿ ಬರೆದಿಡಿ. ಅಂಗನವಾಡಿಯ ತಕ್ಕಡಿ ಸಾಕು. ಮೂರು ದಿನ ಸತತವಾಗಿ ತೂಕ ಏರಿದರೆ ಮಲ ಇನ್ನೂ ಮೆತ್ತಗಿದ್ದರೂ ದಾರಿ ಸರಿಯಾಗಿದೆ. ಭೇದಿ ನಿಂತ ಮೇಲೂ ಕನಿಷ್ಠ ಒಂದು ತಿಂಗಳು ದಿನಕ್ಕೆ ಒಂದು ಊಟ ಹೆಚ್ಚು ಕೊಡಿ. ಏಳು ದಿನಕ್ಕೂ ತೂಕ ಏರದಿದ್ದರೆ ಅಥವಾ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಲ ನೀರಾಗಿ ಹೋಗುತ್ತಿದ್ದರೆ ಆಹಾರ ಬದಲಿಸಬೇಕು, ವೈದ್ಯರ ಕಣ್ಣೆದುರೇ ಆಗಬೇಕು. ನಾಲ್ಕು ತಿಂಗಳೊಳಗಿನ ಮಗು, ಕಣ್ಣು ಗುಳಿಬಿದ್ದ, ಮಂಕಾಗಿ ಕುಡಿಯದ, ಆರು ಗಂಟೆ ಮೂತ್ರ ಮಾಡದ ಮಗು, ಪಾದ ಊದಿದ ಅಥವಾ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿರುವ ಮಗು ಅದೇ ದಿನ ಆಸ್ಪತ್ರೆ ಸೇರಬೇಕು.

ಗೋಧಿ ತಿನ್ನಲು ಶುರುಮಾಡಿದ ಮೇಲೆ ತಿಂಗಳುಗಟ್ಟಲೆ ಭೇದಿ, ಉಬ್ಬಿದ ಹೊಟ್ಟೆ, ನಿಂತ ಬೆಳವಣಿಗೆ ಇದ್ದರೆ ಸೀಲಿಯಾಕ್ ಕಾಯಿಲೆಯ (ಗೋಧಿಯ ಪ್ರೋಟೀನಿನಿಂದ ಕರುಳು ಹಾಳಾಗುವ ಕಾಯಿಲೆ) ರಕ್ತಪರೀಕ್ಷೆ ಮಾಡಿಸಿ. ಅದಕ್ಕೆ ಮೊದಲು ಚಪಾತಿ, ರವೆ, ಬಿಸ್ಕತ್ತು ನಿಲ್ಲಿಸಬೇಡಿ. ಗೋಧಿ ಬಿಟ್ಟ ಮಗುವಿನ ರಕ್ತದಲ್ಲಿ ಪತ್ತೆಯಾಗಬೇಕಾದ ಪ್ರತಿಕಾಯಗಳು ಕ್ರಮೇಣ ಇಳಿದು, ಕಾಯಿಲೆಯಿದ್ದರೂ ಇಲ್ಲವೆಂಬ ವರದಿ ಬರುತ್ತದೆ.